ಸಮುದ್ರದಲ್ಲಿರುವವರ ವಿಳಾಸ

3 ಡಿಸೆಂಬರ್ 1963, ಬೆಳಿಗ್ಗೆ ಹನ್ನೊಂದು

ಮೂರನೆಯ ಸಲ ಎಣಿಸಿದ್ದಾಯಿತು. ಸುಲ್‌ವ್ಯಾರ್ ಪಂಚಾಯಿತಿಯ ನಿವಾಸಿಗಳು ನಾನೂರ ಮೂವತ್ತೊಂದು; ತಲೆಗೊಂದು ಚೀಟಿ. ವರ್ಷಾಂತ್ಯಕ್ಕೆ ಪಂಚಾಯಿತಿ ರದ್ದು. ಜನವರಿ ಒಂದರಿಂದ ಈ ದ್ವೀಪ ಆಚೆ ದಡದ ದೊಡ್ಡ ಪಂಚಾಯಿತಿಯದು. ಅಲ್ಲಿ ಗುಮಾಸ್ತೆಯ ಒಂದೇ ಹುದ್ದೆ ಖಾಲಿಯಿದೆ. ನನ್ನ ಪಟ್ಟಿಯಲ್ಲಿ ಒಂದೂ ತಪ್ಪಿರದಿದ್ದರೆ ಅದು ನನಗೆ. ಇರುವುದಿಲ್ಲ. ಗುಮಾಸ್ತೆ ಪರೀಕ್ಷೆಯಲ್ಲಿ ಜಿಲ್ಲೆಗೇ ಮೊದಲ ಸ್ಥಾನ ಪಡೆದವಳು ನಾನು.

ಅಷ್ಟರಲ್ಲಿ ಅಧ್ಯಕ್ಷ ಇಂಗೆಬ್ರಿಕ್ಟ್ ಒಂದು ಬಿಸ್ಕತ್ತಿನ ಡಬ್ಬಿ ತಂದು ಮೇಜಿನ ಮೇಲಿಟ್ಟರು. ಒಳಗೆ ಇಪ್ಪತ್ತೇಳು ಚೀಟಿ.

"ಇವರನ್ನೂ ಸೇರಿಸ್ಕೋ."

ಎಲ್ಲರೂ ಮೀನಿಗೆ ಹೋಗಿ ಮರಳದವರು. ಶವ ಸಿಗದವರ ಹೆಸರನ್ನು ಇಲ್ಲಿ ಹೊಡೆದುಹಾಕುವುದಿಲ್ಲವಂತೆ. ಪ್ರತಿ ವರ್ಷವೂ 'ಮನೆಯಲ್ಲಿದ್ದಾರೆ' ಎಂದೇ ಬರೆಯುವುದು. ಒಬ್ಬನ ಜನನ 1841. ಅವನೂ ಮನೆಯಲ್ಲಿದ್ದಾನೆ!

"ಸತ್ತವರು ನಿವಾಸಿಗಳಾಗೋದು ಹೇಗೆ, ಅಧ್ಯಕ್ಷರೇ?"

"ಸತ್ರು ಅಂತ ಯಾರು ಹೇಳಿದ್ರು? ನೀನು ಹೆಣ ನೋಡಿದೀಯಾ?"

"ನಿಯಮ ಅಂತ ಒಂದಿದೆ."

"ಇರ್ಲಿ ಬಿಡು. ಅದಕ್ಕೆ ದೋಣಿಗೆ ಹುಟ್ಟು ಹಾಕೋಕೂ ಬರಲ್ಲ."

ಒಂಬತ್ತನೆಯ ಚೀಟಿ ಅಪ್ಪನದು. ಮರಳದೆ ಹೋದದ್ದು 1949ರಲ್ಲಿ. ನನಗಾಗ ಏಳು ವರ್ಷ. ಅದನ್ನು ಮಗುಚಿಟ್ಟೆ.

5 ಡಿಸೆಂಬರ್

ಆಚೆ ದಡದ ಕಚೇರಿಗೆ ಫೋನ್ ಮಾಡಿದೆ. ಹಿರಿಯ ಅಧಿಕಾರಿ ತಾಂಗೆನ್ ನಕ್ಕುಬಿಟ್ಟರು. "ನಿಮ್ಮ ದೆವ್ವಗಳಿಗೆ ನಮ್ಮಲ್ಲಿ ಜಾಗ ಇಲ್ಲ, ಮೇಡಂ. ಗೆರೆ ಎಳೆದುಬಿಡಿ." ನ್ಯಾಯವಾದ ಮಾತು. ಆದರೂ ಆ ನಗು... ಹಿಡಿಸಲಿಲ್ಲ.

6 ಡಿಸೆಂಬರ್

ಕೆಂಪು ಶಾಯಿ, ಅಳತೆಪಟ್ಟಿ. ಇಪ್ಪತ್ತಾರು ಗೆರೆ, ಒಂದೂ ಸೊಟ್ಟಗಾಗಲಿಲ್ಲ. ಅಪ್ಪನದು ನಾಳೆ.

14 ಡಿಸೆಂಬರ್, ಬೆಳಿಗ್ಗೆ ಒಂಬತ್ತು

ನಾಲ್ಕು ದಿನದಿಂದ ಇದೇ. ಕಚೇರಿಯ ಬೀಗ ತೆಗೆದರೆ ಒಳಗಿನ ಬೆಂಚು ಒದ್ದೆ. ಮಾಡು ಸೋರುತ್ತಿಲ್ಲ, ಏಣಿ ಹಾಕಿ ನಾನೇ ನೋಡಿದ್ದೇನೆ. ಇಂದು ನೆಲದ ಮೇಲೂ ನೀರು — ಬಾಗಿಲಿನಿಂದ ನನ್ನ ಮೇಜಿನವರೆಗೆ, ಒಂದರ ಹಿಂದೊಂದು, ಸರತಿ ನಿಂತಂತೆ, ಅಂಗಾಲಿನಷ್ಟಗಲದ ಜೋಡಿ ಗುರುತುಗಳು. ಬೆರಳದ್ದಿ ನಾಲಗೆಗೆ ಮುಟ್ಟಿಸಿದೆ. ಉಪ್ಪು.

ಎಣಿಸಿದೆ. ಎಣಿಸಬಾರದಿತ್ತು. ಇಪ್ಪತ್ತಾರು ಜೋಡಿ.

ಒರೆಸಿದೆ. ಯಾರಿಗೂ ಹೇಳಿಲ್ಲ.

19 ಡಿಸೆಂಬರ್, ಮಧ್ಯಾಹ್ನ ಹನ್ನೆರಡು

ಹೊರಗೆ ಕತ್ತಲು. ಉತ್ತರದ ಈ ತುದಿಯಲ್ಲಿ ಜನವರಿಯವರೆಗೆ ಸೂರ್ಯನಿಲ್ಲ, ಅದು ಪ್ರತಿವರ್ಷದ ಮಾತು, ನಾನು ಅದಕ್ಕೆ ಹೆದರುವವಳಲ್ಲ. ಬರೆಯುತ್ತಿದ್ದಾಗ ಎದುರಿನಿಂದ ಶೀತ ಹೊಡೆಯಿತು, ಯಾರೋ ಮೇಜಿಗೆ ಮೈಯಾನಿಸಿ ನಿಂತಂತೆ. ತಲೆಯೆತ್ತಲಿಲ್ಲ. ಕಾಗದದ ಮೇಲೆ ಒಂದು ಹನಿ ಬಿತ್ತು. ಶಾಯಿ ಹರಡಿತು. ಆ ಹಾಳೆಯನ್ನು ಮತ್ತೆ ಬರೆಯಬೇಕಾಯಿತು.

ಕೊನೆಗೆ ಇಂಗೆಬ್ರಿಕ್ಟ್‌ಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಮತ್ತೆ? ಊರೇ ಹೋಗ್ತಿದೆ, ಇನ್ಮೇಲೆ ನಾವು ಯಾವೂರೋರು ಅಂತ ಕೇಳೋಕೆ ಬಂದಿರ್ತಾರೆ. ಗುಮಾಸ್ತೆ ನೀನು. ಉತ್ತರ ಹೇಳು, ಮೊದಲ ಬಹುಮಾನದವಳೇ."

22 ಡಿಸೆಂಬರ್

ದ್ವೀಪದ ಟೆಲಿಫೋನ್ ಹಲಗೆ ಇರುವುದು ನಮ್ಮ ಮನೆಯ ಮುಂಗೋಣೆಯಲ್ಲಿ. ಪ್ರತಿ ಕರೆಯನ್ನೂ ಜೋಡಿಸುವವಳು ಅಮ್ಮ. ತಾಂಗೆನ್ ನಕ್ಕದ್ದನ್ನು ಅವಳೂ ಕೇಳಿದ್ದಳು. ಹದಿನೇಳು ದಿನ ಬಾಯಿ ಬಿಟ್ಟಿರಲಿಲ್ಲ. ಇಂದು ಮೀನು ಹೆಚ್ಚುತ್ತಾ ಕೇಳಿದಳು:

"ನಿಮ್ಮಪ್ಪಂಗೂ ಗೆರೆ ಎಳೆದ್ಯಾ?"

"ಇನ್ನೂ ಇಲ್ಲ."

"ಯಾಕೆ, ಶಾಯಿ ಮುಗೀತಾ?"

ಅವಳು ಚಾಕು ಕೆಳಗಿಟ್ಟಳು.

"ನೀನು ಜಿಲ್ಲೆಗೆ ಮೊದಲು ಬಂದೆ ಅಂತ ತಂತಿ ಬಂತಲ್ಲ, ಅವತ್ತು ದೋಣಿಕಟ್ಟೆಗೆ ಹೋಗಿ ನಿಮ್ಮಪ್ಪಂಗೆ ಕೂಗಿ ಹೇಳಿ ಬಂದೆ. ಹುಚ್ಚಿ ಅನ್ನು, ಪರವಾಗಿಲ್ಲ. ಕೇಳಿಸ್ಕೊಂಡ್ರು ಅಂತ ನಂಗೆ ಗೊತ್ತು."

ಹುಚ್ಚಿ ಎನ್ನಲಿಲ್ಲ.

30 ಡಿಸೆಂಬರ್

ಅವರು ಈಗ ಬಾಗಿಲಾಚೆಗೂ ನಿಲ್ಲುತ್ತಿದ್ದಾರೆ. ಮೆಟ್ಟಿಲ ಹಿಮ ಆ ಅಳತೆಗೇ ಕರಗಿದೆ. ನಾಳೆ ಕಳೆದರೆ ಕೇಳಲು ಕಚೇರಿಯೂ ಇರುವುದಿಲ್ಲ.

31 ಡಿಸೆಂಬರ್, ಬೆಳಿಗ್ಗೆ ಹನ್ನೊಂದೂವರೆ

ಹೊಸದಾಗಿ ಇಪ್ಪತ್ತೇಳು ಚೀಟಿ ಬರೆದೆ. ವಿಳಾಸವಿಲ್ಲದ ಚೀಟಿಯನ್ನು ಆಚೆ ದಡದವರು ತೆಗೆದುಕೊಳ್ಳುವುದಿಲ್ಲ. ಇವರಲ್ಲಿ ಹೆಚ್ಚಿನವರ ಮನೆಗಳು ಬಿದ್ದುಹೋಗಿವೆ. ಕೆಲವಕ್ಕೆ ಗೋಡೆಯೂ ಇಲ್ಲ. ಆದ್ದರಿಂದ ಎಲ್ಲರಿಗೂ ನಮ್ಮ ಮನೆಯ ವಿಳಾಸವನ್ನೇ ಕೊಟ್ಟೆ. ಅಪ್ಪನಿಗೂ.

ಒಂದೇ ಮನೆಯಲ್ಲಿ ಇಪ್ಪತ್ತೊಂಬತ್ತು ಜನ. ತಾಂಗೆನ್ ಒಂದು ವಾರದಲ್ಲಿ ಪತ್ತೆ ಹಚ್ಚುತ್ತಾರೆ. ಹುದ್ದೆ ಹೋಯಿತು. ಗೊತ್ತಿದ್ದೇ ಬರೆದೆ, ಅಕ್ಷರಗಳು ನೆಟ್ಟಗಿವೆ.

ಚೀಟಿಗಳ ಪೆಟ್ಟಿಗೆಗಳು ದೋಣಿ ಹತ್ತಿದವು. ಇಂಗೆಬ್ರಿಕ್ಟ್ ಟೋಪಿ ತೆಗೆದರು.

ಹನ್ನೆರಡೂ ಕಾಲು

ಕಚೇರಿ ಒಣಗಿದೆ. ಬೆಂಚು, ನೆಲ, ಮೆಟ್ಟಿಲು — ಎಲ್ಲವೂ. ಯಾರೂ ಇಲ್ಲ.

ಹನ್ನೆರಡೂ ಇಪ್ಪತ್ತು

ಫೋನ್. ಅಮ್ಮ. ಪಿಸುಮಾತು.

"ಬಾಗಿಲು ತಟ್ತಿದಾರೆ ಕಣೇ. ಒಬ್ರಲ್ಲ. ದಾರಿ ತುಂಬಾ ನಿಂತಿದಾರೆ. ಯಾರಿಗೆ ಹೇಳಿದ್ದೆ ಬರೋಕೆ?"

"ಅಮ್ಮಾ, ಮುಂದೆ ನಿಂತಿರೋದು ಯಾರು?"

ಅವಳು ಫೋನನ್ನು ಮೇಜಿನ ಮೇಲಿಟ್ಟ ಸದ್ದು. ಚಿಲಕದ ಸದ್ದು. ಆಮೇಲೆ ಅವಳ ದನಿ, ನಾನು ಏಳು ವರ್ಷದವಳಿದ್ದಾಗ ಕೇಳಿದ್ದ ದನಿ: "ಎಷ್ಟು ತಡ ಮಾಡಿದ್ರಿ! ಬನ್ನಿ, ಎಲ್ರೂ ಬನ್ನಿ, ಕಾಫಿಗೆ ಇಡ್ತೀನಿ..."

ಬೆಂಚುಗಳನ್ನು ಎಳೆಯುವ ಸದ್ದು. ತುಂಬಾ ಹೊತ್ತು. ಈಗ ಆ ಕಡೆ ಯಾರೋ ಫೋನನ್ನು ಕೈಗೆತ್ತಿಕೊಂಡಿದ್ದಾರೆ. ಅಮ್ಮನಲ್ಲ. ಉಸಿರಿನ ಜೊತೆ ನೀರಿನ ಸಪ್ಪಳ. ನನ್ನ ಹೆಸರು ಹಿಡಿದು ಕರೆಯುತ್ತಿದ್ದಾರೆ. ಅಪ್ಪ.