ಬಿಟ್ಟು ಬಂದ ಮೂರನೆಯ ಬಟ್ಟಲು

ಹರಾರ್, ಮಂಗಳವಾರ

ಅಕ್ಕಾ, ನಮ್ಮ ಕಾಫಿ ಹೂಜಿ ಒಡೆದಂತೆ ಎರಡು ಸಲ ಕನಸು ಬಿತ್ತು. ಬಸ್ಸು ತಪ್ಪೀತೆಂದು, ನಿನ್ನ ಮನೆಯಲ್ಲಿ ಮೂರು ಸುತ್ತಿನ ಕಾಫಿಯಲ್ಲಿ ಹರಸುವ ಕೊನೆಯ ಬಟ್ಟಲು ಕುಡಿಯದೆ ಎದ್ದು ಬಂದೆನಲ್ಲ, ಮಗಳ ಹೆರಿಗೆಗೆ ಏನಾಗುವುದೋ ಎಂದು ಇಂಜೆರಾ ರೊಟ್ಟಿ ಮುಟ್ಟದೆ ಕೂತೆ. ಇಲ್ಲಿಯವರು ಕಾಫಿ ಬೀಜ ಮಾರಿ ಸಿಪ್ಪೆಯನ್ನು ಹಾಲಿನಲ್ಲಿ ಕುದಿಸಿ ಕುಡಿಯುತ್ತಾರೆ, ಕಣ್ಣಾರೆ ಕಂಡೆ. ಮಗಳ ಬಾಡಿಗೆ ಮನೆಯ ಒಡತಿ ಜೆಮಿಲಾಗೆ ನನ್ನ ಭಯ ಹೇಳಿಕೊಂಡೆ.

"ಅಜ್ಜಿ ಆಗೋಳು ಎರಡು ಬಟ್ಟಲಿಗೇ ಎದ್ದು ಓಡಿ ಬಂದ್ಯಾ? ಕೂತ್ಕೋ ತಾಯಿ. ಸಿಪ್ಪೆ ಆದ್ರೂ ಹರಸೋನು ಆ ದೇವ್ರೇ" ಎಂದು ಗದರಿ ಮೂರೂ ಬಟ್ಟಲು ಕುಡಿಸಿದಳು.

ಮರುದಿನ ಬೆಳಿಗ್ಗೆ ಹೆಣ್ಣು ಕೂಸು ಹುಟ್ಟಿತು. ತಾಯಿ ಮಗು ಕ್ಷೇಮ. ಜೆಮಿಲಾಳನ್ನು ಬದುಕಿರುವತನಕ ಮರೆಯಲಾರೆ. ಬಸ್ಸಿನಲ್ಲಿ ಕೂತು ನನ್ನ ಕಾಲು ಊದಿದೆ, ಅಷ್ಟೆ. ಕಾಗದದಲ್ಲಿ ಜಾಗ ಮುಗಿಯಿತು.

ನಿನ್ನ ತಂಗಿ ಅಸ್ನಾಕು

ನನಗೆಂದು ಬಗ್ಗಿಸಿಟ್ಟ ಆ ಬಟ್ಟಲನ್ನು ಯಾರಾದರೂ ಕುಡಿದರೇ, ಚೆಲ್ಲಲಿಲ್ಲ ತಾನೇ? ಅಂದು ಕಾಫಿ ಬಗ್ಗಿಸಿದ ನಿನ್ನ ಸೊಸೆಯನ್ನು ಕೇಳಿ ಬರೆ.