ಮುಗಿಸುವುದು ಹೇಗೆಂದು ಬರೆ

ಪ್ರೀತಿಯ ಅಕ್ಕ,

ನಾನು ಓಡಿಸುತ್ತಿದ್ದ ಬಸ್ಸು ಕಂಬಕ್ಕೆ ಗುದ್ದಿದ ಮೇಲೆ ಸ್ಟೀರಿಂಗ್ ನೆನೆದರೂ ಸಾಕು, ನನ್ನ ಕೈ ನಡುಗುತ್ತಿತ್ತಲ್ಲ? ಆಗ ನೀನು ಉಲ್ಲನ್ ಉಂಡೆ, ಹೆಣಿಗೆ ಕಡ್ಡಿ ಕಳಿಸಿದ್ದಕ್ಕೆ ನಾನೇನು ಅಜ್ಜಿಯಾ ಎಂದು ರೇಗಿದ್ದೆ. ಈಗ ನೋಡು, ಮಫ್ಲರ್ ಸೋಫಾ ದಾಟಿ ಬಾಗಿಲವರೆಗೆ ಬಂದಿದೆ. ಉಂಡೆ ಹಿಡಿದು ಕೂರುವ ಮಗಳು, "ಅಪ್ಪಾ, ಇದು ಜಿರಾಫೆಗಾ?" ಅಂತಾಳೆ. ನನ್ನ ಹೆಂಡತಿ ಬಿದ್ದು ಬಿದ್ದು ನಗುತ್ತಾಳೆ. ಮನೆಯಲ್ಲಿ ನಗು ಕೇಳಿ ಎಷ್ಟು ದಿನವಾಗಿತ್ತು!

ಹೆಣಿಗೆ ಶುರು ಮಾಡುವುದು ಹೇಗೆಂದು ಬರೆದು ತಿಳಿಸಿದ ನೀನು, ಮುಗಿಸುವುದು ಹೇಗೆಂದು ನಾನು ಕೇಳಿದಾಗಲೆಲ್ಲ "ಇನ್ನೊಂದು ಉಂಡೆ ಆಗ್ಲಿ ತಾಳೋ" ಎಂದು ಮತ್ತೆ ಉಲ್ಲನ್ನೇ ಕಳಿಸಿದೆ. ಯಾಕೆಂದು ಈಗ ಗೊತ್ತಾಯಿತು.

ನಿನ್ನೆ ಡಿಪೋದಲ್ಲಿ ಖಾಲಿ ಬಸ್ಸನ್ನು ಎರಡು ಸುತ್ತು ಓಡಿಸಿದೆ. ಕೈ ನಡುಗಲಿಲ್ಲ. ಸೋಮವಾರದಿಂದ ಕೆಲಸ.

ಇನ್ನು ಮುಗಿಸುವುದು ಹೇಗೆಂದು ಬರೆಯಬಹುದು, ಅಕ್ಕ.

ನಿನ್ನ ತಮ್ಮ