ಹಿಂದಿನ ಕಿಟಕಿಯ ಬಾವಲಿಗಳು

ಏಪ್ರಿಲ್ ೧೨, ಶನಿವಾರ

ಸೋಮವಾರ ವರದಿ ಕೊಡಬೇಕು. ಹಳೆಯ ಗೋದಾಮಿನ ಬಾವಲಿಗಳು ನಾಲ್ಕು ವರ್ಷದಲ್ಲಿ ೩೪೨ರಿಂದ ೧೧೮ಕ್ಕೆ ಇಳಿದಿವೆ ಎಂದು ಅರ್ಧ ಬರೆದೂ ಆಗಿತ್ತು. ತಲೆಬರಹದಲ್ಲಿ 'ಅವನತಿ' ಎಂದೂ ಹಾಕಿದ್ದೆ.

ನಿನ್ನೆ ಸಂಜೆ ಎಂದಿನಂತೆ ಗೋದಾಮಿನ ಮುಂಭಾಗದ ಕಿಂಡಿಯ ಎದುರು ಕೂತು, ಹೊರಬರುವ ಬಾವಲಿಗಳನ್ನು ಎಣಿಸುತ್ತಿದ್ದೆ. ಜೊತೆಗೆ ಬಂದಿದ್ದ ಅಮ್ಮ, ಚಿಕ್ಕಮ್ಮನ ಹತ್ತಿರ ಫೋನಿನಲ್ಲಿ ಹರಟುತ್ತಾ ಕಟ್ಟಡದ ಹಿಂದಕ್ಕೆ ಹೋದವಳು ಅಲ್ಲಿಂದಲೇ ಕೂಗಿದಳು: "ಲೇ, ಬಾರೇ ಇಲ್ಲಿ! ಈ ಕಡೆಯಿಂದಾನೂ ಹೊರಡ್ತಿವೆ!"

ಗಾಜು ಒಡೆದ ಕಿಟಕಿ. ಕಾವಲುಗಾರರನ್ನು ಕೇಳಿದರೆ, "ಅದು ಒಡೆದು ನಾಲ್ಕು ವರ್ಷ ಆಯ್ತಲ್ಲ ಮೇಡಂ. ನೀವು ಕೇಳ್ಲೇ ಇಲ್ಲ" ಎಂದರು.

ಇವತ್ತು ಅಮ್ಮನನ್ನು ಹಿಂದೆ ಕೂರಿಸಿ ಇಬ್ಬರೂ ಎಣಿಸಿದೆವು. ನನ್ನದು ೧೨೧, ಅವಳದು ೨೩೦, ಕೂಡಿದರೆ ೩೫೧. ನಲವತ್ತು ವರ್ಷ ಕುಣಿಕೆ ಎಣಿಸಿ ಸ್ವೆಟರ್ ಹೆಣೆದವಳ ಲೆಕ್ಕ, ತಪ್ಪುವುದಿಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ಅಮ್ಮ ನಕ್ಕಳು. "ನೆಂಟರು ಹಿತ್ತಲ ಬಾಗಿಲಲ್ಲಿ ಓಡಾಡ್ತಿದ್ರೆ, ನೀನು ಮುಂಬಾಗಿಲಲ್ಲಿ ಕೂತು ಯಾರೂ ಇಲ್ಲ ಅಂತ ಅಳ್ತಿದ್ಯಲ್ಲೇ!"

ನಾಲ್ಕು ವರ್ಷದ ಪೆದ್ದುತನ ಒಪ್ಪಿಕೊಳ್ಳಬೇಕು. ನಾಚಿಕೆಯಾಗಬೇಕಿತ್ತು, ನಗು ಬರುತ್ತಿದೆ. ತಲೆಬರಹದಲ್ಲಿದ್ದ 'ಅವನತಿ' ಹೊಡೆದುಹಾಕಿದೆ. ಎಣಿಸಿದವರು ಎಂಬಲ್ಲಿ ಅಮ್ಮನ ಹೆಸರನ್ನೂ ಸೇರಿಸಿದೆ. ಅದರ ಪಕ್ಕದಲ್ಲಿ ಹುದ್ದೆ ಎಂಬ ಕಾಲಂ ಒಂದಿದೆ, ಅಲ್ಲಿ ಏನೆಂದು ಬರೆಯಲಿ…